ಮೊಬೈಲ್ ಆ್ಯಪ್‌ಗಳನ್ನು ಹಗುರವಾಗಿ ಕಟ್ಟುವ ಕ್ರಮ

ಫೋನಿನಲ್ಲಿ ಸ್ಥಳ ಸಾಲದೆಂದೂ, ಒಂದು ಆ್ಯಪನ್ನು ಇಳಿಸಿಕೊಳ್ಳುವಷ್ಟರಲ್ಲಿ ದಿನದ ಡೇಟಾ ಮುಗಿಯುವದೆಂದೂ ಹೇಳುವವರು ನಮ್ಮಲ್ಲಿ ಅನೇಕರುಂಟು. ಈ ತೊಂದರೆಯನ್ನು ತಗ್ಗಿಸುವದಕ್ಕಾಗಿ ಆ್ಯಪ್‌ಗಳನ್ನು ಕಟ್ಟಿ ಕಳುಹಿಸುವ ಹೊಸ ಕ್ರಮವೊಂದು ಕೆಲವು ವರ್ಷಗಳಿಂದ ಬಳಕೆಯಲ್ಲಿರುತ್ತದೆ. ಅದರ ಲಾಭವು ದೊಡ್ಡದು. ಆದರೆ ಕನ್ನಡ ಓದುವವರು ತಿಳಿದಿರಬೇಕಾದ ತೊಡಕೊಂದು ಅದರಲ್ಲಿರುವದರಿಂದ ಇದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಆಂಡ್ರಾಯ್ಡ್ ಫೋನಿಗೆ ಬರುವ ಆ್ಯಪ್ ಎಪಿಕೆ ಎಂಬ ಕಡತದ ರೂಪದಲ್ಲಿರುವದು. ಇದು ಜಿಪ್ ರೀತಿಯಲ್ಲಿ ಕಟ್ಟಿದ ಗಂಟೇ ಸರಿ. ಆ್ಯಪನ್ನು ನಡಿಸುವ ಆಜ್ಞೆಗಳೂ, ಚಿತ್ರಗಳೂ, ಪರದೆಯ ಮೇಲೆ ತೋರುವ ಮಾತುಗಳೂ ಅದರೊಳಗಿರುವವು. ಫೋನುಗಳಾದರೋ ಒಂದೇ ಬಗೆಯವಲ್ಲ. ಪ್ರೊಸೆಸರ್‌ಗಳಲ್ಲಿ 32 ಬಿಟ್‌ನವೂ 64 ಬಿಟ್‌ನವೂ ಉಂಟು, ಪರದೆಗಳ ಸೂಕ್ಷ್ಮತೆಯು ಬೇರೆ ಬೇರೆ, ಭಾಷೆಗಳೂ ಹಲವು. ಮೊದಲು ಸಾಮಾನ್ಯವಾಗಿ ಇವೆಲ್ಲಕ್ಕೂ ಬೇಕಾದದ್ದನ್ನು ಒಂದೇ ಗಂಟಿನಲ್ಲಿ ತುಂಬಿ ಎಲ್ಲರಿಗೂ ಕಳುಹಿಸುತ್ತಿದ್ದರು. ಒಬ್ಬ ಹುಡುಗಿಯ ಸಮವಸ್ತ್ರಕ್ಕೆಂದು ಹೋದವರಿಗೆ ಅಂಗಡಿಯವನು ಎಲ್ಲಾ ತರಗತಿಗಳ ಅಳತೆಯ ಬಟ್ಟೆಗಳನ್ನೂ ಹೊರಿಸಿ ಕಳುಹಿಸಿದರೆ ಹೇಗೋ ಹಾಗೆಯೇ ಇದು.

2018ನೇ ಇಸವಿಯಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಆ್ಯಪ್ ಬಂಡಲ್ ಎಂಬ ಕ್ರಮವನ್ನು ಪ್ರಕಟಿಸಿತು. 2021ರ ಆಗಸ್ಟ್ ತಿಂಗಳಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆ್ಯಪ್‌ಗಳು ಈ ರೂಪದಲ್ಲಿಯೇ ಬರಬೇಕೆಂದು ನೇಮಿಸಿತು. ಈ ಕ್ರಮದಲ್ಲಿ ಆ್ಯಪ್ ರಚಿಸುವವರು ಎಲ್ಲವನ್ನೂ ಸ್ಟೋರಿಗೆ ಒಪ್ಪಿಸುವರು. ಸ್ಟೋರು ಅದನ್ನು ಬಿಡಿಸಿ, ಎಲ್ಲರಿಗೂ ಬೇಕಾದ ಮೂಲಭಾಗವನ್ನೂ, ಪ್ರೊಸೆಸರ್, ಪರದೆ, ಭಾಷೆ ಇವುಗಳಿಗೆ ತಕ್ಕ ಚಿಕ್ಕ ಭಾಗಗಳನ್ನೂ ಬೇರ್ಪಡಿಸಿ, ಕೇಳಿದ ಫೋನಿಗೆ ಹೊಂದುವಷ್ಟನ್ನು ಮಾತ್ರ ಕೊಡುವದು. ಅಪರೂಪವಾಗಿ ಬೇಕಾಗುವ ಭಾಗವನ್ನು ಬೇಕಾದಾಗಲೇ ತರಿಸುವಂತೆಯೂ ರಚಿಸಬಹುದು. ಆ್ಯಪಲ್ ಸಂಸ್ಥೆಯು ಇಂಥದೇ ಏರ್ಪಾಡನ್ನು 2015ರಲ್ಲಿ ಐಓಎಸ್ 9ರೊಡನೆ ತಂದಿತ್ತು.

ಇನ್ನು ತೊಡಕಿನ ವಿಷಯ. ಸ್ಟೋರು ಭಾಷೆಯ ಭಾಗವನ್ನು ಆರಿಸುವದು ಫೋನಿನ ಸೆಟ್ಟಿಂಗ್ಸಿನಲ್ಲಿರುವ ಭಾಷೆಗಳನ್ನು ನೋಡಿಯೇ. ನಮ್ಮಲ್ಲಿ ಅನೇಕರು ಫೋನನ್ನು ಇಂಗ್ಲಿಷಿನಲ್ಲಿಟ್ಟು, ಆ್ಯಪಿನೊಳಗೆ ಮಾತ್ರ ಕನ್ನಡವನ್ನು ಆರಿಸಿಕೊಳ್ಳುವರು. ಅಂಥ ಫೋನಿಗೆ ಕನ್ನಡದ ಭಾಗವು ಬಾರದೆ ಇರಬಹುದು. ರಚಿಸಿದವರು ಇದಕ್ಕೆ ಮುಂದಾಗಿ ಏರ್ಪಾಡು ಮಾಡದಿದ್ದರೆ, ಕನ್ನಡವೆಂಬಲ್ಲಿ ಒತ್ತಿದರೂ ಪರದೆಯು ಇಂಗ್ಲಿಷಿನಲ್ಲಿಯೇ ಉಳಿಯುವದು. ಇಂಗ್ಲಿಷ್ ಬಾರದ ತಾಯಿಯೋ ಅಜ್ಜಿಯೋ, ಈ ಆ್ಯಪಿನಲ್ಲಿ ಕನ್ನಡವೇ ಇಲ್ಲವೆಂದು ತಿಳಿದು ಅದನ್ನು ಬಿಟ್ಟುಬಿಡುವರು. ಕನ್ನಡವಾದರೋ ಬರೆಯಲ್ಪಟ್ಟೇ ಇದೆ. ಸ್ಟೋರಿನಲ್ಲಿ ಉಳಿದುಹೋಗಿದೆ, ಅಷ್ಟೇ.

ಇದಕ್ಕೆ ಉಪಾಯವು ಸುಲಭ. ಫೋನಿನ ಸೆಟ್ಟಿಂಗ್ಸಿನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡವನ್ನೂ ಸೇರಿಸಬೇಕು. ಆಗ ಸ್ಟೋರು ಕನ್ನಡದ ಭಾಗವನ್ನೂ ತಂದುಕೊಡುವದು. ಮತ್ತೊಂದು ಮಾತು: ಒಂದು ಫೋನಿನಿಂದ ತೆಗೆದ ಎಪಿಕೆಯನ್ನು ಇನ್ನೊಬ್ಬರಿಗೆ ಕಳುಹಿಸುವ ರೂಢಿಯು ಈಗ ಒಳ್ಳೆಯದಲ್ಲ. ಆ ಗಂಟು ಒಂದು ಫೋನಿನ ಅಳತೆಗೆ ಕಟ್ಟಿದ್ದಾದಕಾರಣ ಇನ್ನೊಂದರಲ್ಲಿ ಕೆಲವು ಭಾಗಗಳು ಸಿಕ್ಕದೆ ಆ್ಯಪ್ ನಿಂತುಹೋಗಬಹುದು. ಸ್ಟೋರಿನ ಲಿಂಕನ್ನು ಕಳುಹಿಸುವದೇ ಯುಕ್ತ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕಸಬಿನಲ್ಲಿರುವವರಿಗೆ ಒಂದು ಬಿನ್ನಹ. ಭಾಷೆಯ ಭಾಗಗಳನ್ನು ಬೇರ್ಪಡಿಸದಂತೆ ಮಾಡುವ ಆಯ್ಕೆಯು ಬಂಡಲಿನಲ್ಲಿಯೇ ಉಂಟು. ಇಲ್ಲವೆ ಬಳಸುವವರು ಕನ್ನಡವನ್ನು ಆರಿಸಿದೊಡನೆ ಆ ಭಾಗವನ್ನು ತರಿಸುವಂತೆ ರಚಿಸಬಹುದು. ಮಾತುಗಳ ಭಾರವು ಸಾಮಾನ್ಯವಾಗಿ ಚಿತ್ರಗಳ ಭಾರಕ್ಕಿಂತ ಬಹಳ ಕಡಿಮೆ. ಗಂಟನ್ನು ಹಗುರಮಾಡುವದು ಒಳ್ಳೆಯ ಕೆಲಸವೇ. ಆದರೆ ಬಿಟ್ಟದ್ದು ಯಾರಿಗೆ ಬೇಕಾಗಿತ್ತೆಂದು ಕಟ್ಟುವವರು ವಿಚಾರಿಸಿಕೊಳ್ಳತಕ್ಕದ್ದು.