ಜೇಮ್ಸ್ ರೂಸನ ಮೂವತ್ತು ಎಕರೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಅರ್ಹವೆಂದು ಶಾಸನಗಳು ಗಣಿಸಿದ್ದ ಅಪರಾಧಗಳು ಸುಮಾರು ಇನ್ನೂರರಷ್ಟಿದ್ದು, ಅವುಗಳಲ್ಲಿ ಬಹುಪಾಲು ಪರರ ಸ್ವತ್ತನ್ನು ಮುಟ್ಟಿದುದಕ್ಕೆ ಸಂಬಂಧಿಸಿದವಾಗಿದ್ದವು. ಕಾರ್ನ್‌ವಾಲ್ ಪ್ರಾಂತದ ರೈತಾಪಿ ತರುಣನಾದ ಜೇಮ್ಸ್ ರೂಸ್ ಎಂಬವನು ಮನೆಯೊಂದಕ್ಕೆ ಕನ್ನವಿಕ್ಕಿ ಬೆಳ್ಳಿಯ ಗಡಿಯಾರಗಳನ್ನು ಕದ್ದನೆಂಬ ಆರೋಪದ ಮೇಲೆ, 1782ರಲ್ಲಿ ಬಾಡ್ಮಿನ್ ಪಟ್ಟಣದ ನ್ಯಾಯಸ್ಥಾನವು ಅವನಿಗೆ ಗಲ್ಲನ್ನೇ ವಿಧಿಸಿತು. ಅನಂತರ ಅದು ಏಳು ವರ್ಷದ ಗಡೀಪಾರಾಗಿ ಪರಿವರ್ತಿತವಾಯಿತು. ಆದರೆ ಅದುವರೆಗೆ ಅಪರಾಧಿಗಳನ್ನು ಸಾಗಿಸುತ್ತಿದ್ದ ಅಮೆರಿಕದ ವಸಾಹತುಗಳು ಸ್ವಾತಂತ್ರ್ಯ ಸಾರಿ ಕೈತಪ್ಪಿದ್ದುದರಿಂದ, ಇವರನ್ನು ಎಲ್ಲಿಗೆ ಕಳುಹಿಸಬೇಕೆಂಬುದೇ ಸರ್ಕಾರಕ್ಕೆ ತೋಚದೆ, ರೂಸನು ಪ್ಲಿಮತ್ ಬಂದರಿನಲ್ಲಿ ಲಂಗರು ಹಾಕಿದ್ದ 'ಡನ್‌ಕರ್ಕ್' ಎಂಬ ಹಳೆಯ ಹಡಗಿನ ಸೆರೆಯಲ್ಲಿ ವರ್ಷಗಳನ್ನು ಸವೆಸಬೇಕಾಯಿತು.

1787ರ ಮೇ ತಿಂಗಳಲ್ಲಿ ಹನ್ನೊಂದು ಹಡಗುಗಳ ಮೊದಲ ತಂಡವು ಆಸ್ಟ್ರೇಲಿಯಕ್ಕೆ ಹೊರಟಾಗ ರೂಸನು 'ಸ್ಕಾರ್‌ಬರೊ' ಎಂಬ ಹಡಗಿನಲ್ಲಿದ್ದನು. 1788ರ ಜನವರಿ 26ರಂದು ಸಿಡ್ನಿಯ ಕೊಲ್ಲಿಯಲ್ಲಿ ನೆಲೆಯೂರಿದ ಆ ಜನಸಮೂಹದಲ್ಲಿ ಕಳ್ಳರಿದ್ದರು, ಸಿಪಾಯಿಗಳಿದ್ದರು, ಅಧಿಕಾರಿಗಳಿದ್ದರು. ಬೇಸಾಯ ಬಲ್ಲವರು ಮಾತ್ರ ಬಹು ವಿರಳ. ಬಿತ್ತಿದ ಬೀಜ ಮೊಳೆಯಲಿಲ್ಲ, ಉಗ್ರಾಣ ಬರಿದಾಗತೊಡಗಿತು. ಗವರ್ನರನ ಮನೆಗೆ ಊಟಕ್ಕೆ ಆಹ್ವಾನಿತರಾದವರೂ ತಮ್ಮ ಪಾಲಿನ ರೊಟ್ಟಿಯನ್ನು ತಾವೇ ಒಯ್ಯಬೇಕಾದಂಥ ಕಾಲ ಬಂದಿತು. ಕೊನೆಗೆ 1792ರಲ್ಲಿ ಕಲ್ಕತ್ತೆಯಿಂದ ಬಂದ 'ಅಟ್ಲಾಂಟಿಕ್' ಹಡಗು ಅಕ್ಕಿ, ರವೆ, ಬೇಳೆಗಳನ್ನು ತಂದಿಳಿಸಿತು. ಆ ಆಹಾರ ಇಂಗ್ಲಿಷರ ನಾಲಗೆಗೆ ಒಗ್ಗಿತೋ ಇಲ್ಲವೋ, ಹೊಟ್ಟೆಯನ್ನಂತೂ ತುಂಬಿಸಿರಬೇಕು.

ಈ ಕ್ಷಾಮದ ನಡುವೆಯೇ, ತನ್ನ ಶಿಕ್ಷೆಯ ಅವಧಿ ಮುಗಿಯಿತೆಂದೂ ತನಗೆ ನೆಲ ಕೊಡಬೇಕೆಂದೂ ರೂಸನು ಕೇಳಿಕೊಂಡನು. ಅಪರಾಧಿಗಳ ಶಿಕ್ಷೆಯ ಕಾಗದಪತ್ರಗಳು ಹಡಗಿನಲ್ಲಿ ಬಂದೇ ಇರಲಿಲ್ಲವಾದ್ದರಿಂದ ಅವನ ಮಾತು ನಿಜವೋ ಸುಳ್ಳೋ ಎಂದು ನಿರ್ಣಯಿಸಲು ಗವರ್ನರ್ ಆರ್ಥರ್ ಫಿಲಿಪ್ಪನಿಗೆ ಆಧಾರವಿರಲಿಲ್ಲ. ಸಾವಿರಾರು ಗಾವುದ ದೂರಕ್ಕೆ ಮನುಷ್ಯರನ್ನು ಸಾಗಿಸುವ ಸಂಭ್ರಮದಲ್ಲಿ ಅವರ ಬಿಡುಗಡೆಯ ದಿನವನ್ನೇ ಮರೆತು ಬಂದ ಆಡಳಿತದ ಅಲಕ್ಷ್ಯವನ್ನು ಏನೆಂದು ಹೇಳೋಣ! ಆದರೂ ಒಬ್ಬ ಮನುಷ್ಯನು ತನ್ನ ದುಡಿಮೆಯಿಂದಲೇ ಈ ನೆಲದಲ್ಲಿ ಬದುಕಬಲ್ಲನೇ ಎಂಬುದನ್ನು ಪರೀಕ್ಷಿಸುವ ಉದ್ದೇಶದಿಂದ, 1789ರ ನವೆಂಬರಿನಲ್ಲಿ ಫಿಲಿಪ್ಪನು ಪ್ಯಾರಮಟ್ಟದ ಬಳಿ ಅವನಿಗೆ ಸ್ವಲ್ಪ ಭೂಮಿ, ಗುಡಿಸಲು, ಬೀಜ ಮತ್ತು ಸಲಕರಣೆಗಳನ್ನು ಕೊಡಿಸಿದನು.

ರೂಸನ ಕೃಷಿಪದ್ಧತಿಯನ್ನು ಅವನ ಬಾಯಿಂದಲೇ ಕೇಳಿ ನೌಕಾಸೇನೆಯ ಅಧಿಕಾರಿ ವಾಟ್ಕಿನ್ ಟೆಂಚನು ಬರೆದಿಟ್ಟಿದ್ದಾನೆ. ಕಡಿದ ಮರಗಳನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಬೆರೆಸುವುದು. ದಿನಕ್ಕೆ ಎಷ್ಟು ಸಾಧ್ಯವೋ ಅಷ್ಟೇ ತುಣುಕನ್ನು ಆಳವಾಗಿ ಅಗೆಯುವುದು. ಹುಲ್ಲನ್ನೂ ಕಳೆಯನ್ನೂ ಒಳಗೇ ಹೂಳಿ ಮಣ್ಣನ್ನು ಗಾಳಿಬಿಸಿಲಿಗೆ ಬಿಟ್ಟು, ಬಿತ್ತನೆಗೆ ಮುನ್ನ ಮತ್ತೊಮ್ಮೆ ತಿರುವಿಹಾಕುವುದು. ಉಳಲು ಎತ್ತಿಲ್ಲ, ಹಾಕಲು ಸಾಕಷ್ಟು ಗೊಬ್ಬರವಿಲ್ಲ, ಗುದ್ದಲಿಯೊಂದೇ ಆಸರೆ. ಸರ್ಕಾರದ ಹೊಲದಲ್ಲಿ ನೆಲವನ್ನು ಮೇಲೆ ಮೇಲೆ ಕೆರೆದು ಬಿಡುತ್ತಿದ್ದರೆಂದು ಅವನು ಆಕ್ಷೇಪಿಸಿದುದು ನಮ್ಮ ಯಾವ ರೈತನಿಗೂ ಅರ್ಥವಾಗುವ ಮಾತು. 1790ರಲ್ಲಿ ಅವನು ಕಳ್ಳತನಕ್ಕಾಗಿಯೇ ಗಡೀಪಾರಾಗಿ ಬಂದಿದ್ದ ಎಲಿಜಬೆತ್ ಪೆರಿಯನ್ನು ಮದುವೆಯಾದನು. 1791ರ ಆರಂಭಕ್ಕೆ ಸರ್ಕಾರದ ಪಡಿ ತನಗೆ ಬೇಡವೆಂದು ಹೇಳುವ ಸ್ಥಿತಿಗೆ ಬಂದನು. ಮೂವತ್ತು ಎಕರೆ ಅವನ ಹೆಸರಿಗೆ ಬಂದಿತು. ಆ ವಸಾಹತಿನ ಪ್ರಥಮ ಭೂದಾನವದು.

ಆದರೆ ದಾನ ಕೊಟ್ಟವರದಾಗಿರಲಿಲ್ಲ ಆ ಭೂಮಿ. ಅದು ಧರುಗ್ ಜನರ ಬುರ್ರಮಟ್ಟಗಲ್ ಕುಲದವರ ನೆಲ. ಅವರನ್ನು ಯಾರೂ ಕೇಳಲಿಲ್ಲ. ಎರಡು ಗಡಿಯಾರಗಳಿಗೆ ನೇಣನ್ನು ವಿಧಿಸಿದ ರಾಜ್ಯವು ಒಂದು ಖಂಡವನ್ನೇ ತೆಗೆದುಕೊಂಡುದಕ್ಕೆ ಯಾವ ನ್ಯಾಯಸ್ಥಾನವೂ ಅಂದು ವಿಚಾರಣೆ ನಡೆಸಲಿಲ್ಲ.

ರೂಸನ ಉತ್ತರಜೀವನದಲ್ಲಿ ಏಳಿಗೆಗಿಂತ ಇಳಿತವೇ ಹೆಚ್ಚು. 1793ರಲ್ಲಿ ಆ ಹೊಲವನ್ನು ಜಾನ್ ಹ್ಯಾರಿಸ್ ಎಂಬ ಶಸ್ತ್ರವೈದ್ಯನಿಗೆ ನಲವತ್ತು ಪೌಂಡಿಗೆ ಮಾರಿ ಹಾಕ್ಸ್‌ಬರಿ ನದಿಯ ತಡಿಗೆ ಹೋದನು. ಅಲ್ಲಿಯ ನೆಲ ಫಲವತ್ತಾಗಿದ್ದರೂ ನೆರೆಯ ಹಾವಳಿ ತಪ್ಪುತ್ತಿರಲಿಲ್ಲ. ಕೆಲಕಾಲ ನಾವಿಕನಾಗಿ, ಮುಪ್ಪಿನಲ್ಲಿ ಅನ್ಯರ ಜಮೀನಿನ ಮೇಲ್ವಿಚಾರಕನಾಗಿ ದುಡಿದು, 1837ರಲ್ಲಿ ತೀರಿಕೊಂಡನು. ಕ್ಯಾಂಪ್‌ಬೆಲ್‌ಟೌನಿನಲ್ಲಿ ನಿಲ್ಲಿಸಿದ ಅವನ ಸಮಾಧಿಶಿಲೆಯನ್ನು ಅವನೇ ಕೆತ್ತಿದನೆಂದು ಹೇಳುತ್ತಾರೆ. ಅಕ್ಷರದೋಷಗಳಿಂದ ತುಂಬಿರುವ ಆ ಬರಹದಲ್ಲಿ, ಆ ನಾಡಿನಲ್ಲಿ ಮೊದಲು ಧಾನ್ಯ ಬಿತ್ತಿದವನು ತಾನೆಂಬ ಹೆಮ್ಮೆಯ ಉಕ್ತಿಯಿದೆ. ಸರ್ಕಾರದ ಹೊಲಗಳಲ್ಲಿ ಅದಕ್ಕೆ ಮೊದಲೇ ಬಿತ್ತನೆಯಾಗಿದ್ದುದರಿಂದ ಈ ಮಾತನ್ನು ಅಕ್ಷರಶಃ ಒಪ್ಪಲಾಗದು. ತನ್ನ ದುಡಿಮೆಯಿಂದಲೇ ಬದುಕಿ ತೋರಿಸಿದವರಲ್ಲಿ ಅವನು ಮೊದಲಿಗನೆಂದರೆ ಸಾಕು.

ಅವನ ಹೊಲವಿದ್ದ ಭಾಗಕ್ಕೆ ಕೊಂಡವನ ಹೆಸರಿನಿಂದ ಹ್ಯಾರಿಸ್ ಪಾರ್ಕ್ ಎಂದು ಹೆಸರಾಯಿತು. ಸಿಡ್ನಿಯ ಈ ಬಡಾವಣೆಯು ಭಾರತೀಯರ ಅಂಗಡಿ ಮತ್ತು ಹೋಟೆಲುಗಳಿಂದ ತುಂಬಿ, ಇಂದು 'ಲಿಟಲ್ ಇಂಡಿಯಾ' ಎಂದೇ ಪ್ರಸಿದ್ಧವಾಗಿದೆ.