ಹಳೆಯ ಮಾಪಕದ ಸಾಕ್ಷ್ಯ: ಮೋಟಾರು ವಾಹನದ ಡ್ವೆಲ್ ಮೀಟರಿನ ದೋಷವಿಚಾರ

ಶಾಸನವನ್ನಾಗಲಿ ದಫ್ತರವನ್ನಾಗಲಿ ಓದುವಾಗ ಇತಿಹಾಸದ ಅಭ್ಯಾಸಿಯು ಮೊದಲು ಕೇಳುವ ಪ್ರಶ್ನೆ, ಈ ಸಾಕ್ಷಿ ನಂಬತಕ್ಕುದೇ ಎಂಬುದು. ಉಪಕರಣಗಳೂ ಇತಿಹಾಸದ ಆಕರಗಳೆಂದು ಒಪ್ಪುವುದಾದರೆ ಅವುಗಳಿಗೂ ಇದೇ ಪ್ರಶ್ನೆಯನ್ನು ಹಾಕಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದ್ದ ಡ್ವೆಲ್ ಮೀಟರನ್ನು ಉದಾಹರಣೆಯಾಗಿಟ್ಟುಕೊಂಡು, ತಪ್ಪು ತೋರಿಸುವ ಹಳೆಯ ಮಾಪಕವನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಹಳೆಯ ಪೆಟ್ರೋಲ್ ಎಂಜಿನುಗಳ ಡಿಸ್ಟ್ರಿಬ್ಯೂಟರಿನಲ್ಲಿ ಎರಡು ಪಾಯಿಂಟುಗಳುಂಟು. ಅವು ಕೂಡಿರುವಾಗ ಇಗ್ನಿಷನ್ ಕಾಯಿಲಿನಲ್ಲಿ ಪ್ರವಾಹ ಬೆಳೆಯುವುದು. ಬೇರ್ಪಟ್ಟೊಡನೆ ಕಿಡಿ ಹುಟ್ಟುವುದು. ಅವು ಕೂಡಿರುವ ಅವಧಿಯಲ್ಲಿ ಡಿಸ್ಟ್ರಿಬ್ಯೂಟರಿನ ದಂಡವು ತಿರುಗುವ ಕೋನಕ್ಕೆ ಡ್ವೆಲ್ ಎಂದು ಹೆಸರು. 8 ಸಿಲಿಂಡರಿನ ಎಂಜಿನಿನಲ್ಲಿ ಒಂದೊಂದು ಸಿಲಿಂಡರಿನ ಪಾಲು 45 ಡಿಗ್ರಿ. ಅದರಲ್ಲಿ ಸುಮಾರು 30 ಡಿಗ್ರಿ ಡ್ವೆಲ್ ಇರುವುದು ಸಾಮಾನ್ಯ. ಇದು ಕಡಿಮೆಯಾದರೆ ವೇಗದಲ್ಲಿ ಕಿಡಿ ಬಲಗುಂದುವುದು. ಹೆಚ್ಚಾದರೆ ಪಾಯಿಂಟುಗಳು ಬೇಗ ಸುಡುವುವು. ಆದಕಾರಣ ಸುಳ್ಳು ಹೇಳುವ ಮಾಪಕವನ್ನು ನಂಬಿದ ಮೆಕ್ಯಾನಿಕನು ಸರಿಯಾದ ಎಂಜಿನನ್ನೇ ಕೆಡಿಸಿಬಿಡುವ ಸಂಭವವಿದೆ.

ಮಾಪಕದ ಒಳಗಿರುವುದು ಕಾಂತದ ಧ್ರುವಗಳ ನಡುವೆ ತಿರುಗುವ ತಂತಿಸುರುಳಿ. 1882ರಲ್ಲಿ ಫ್ರಾನ್ಸಿನ ಡಿಪ್ರೇ ಮತ್ತು ದಾರ್ಸೋನ್ವಾಲರು ರೂಪಿಸಿದ ಈ ರಚನೆಯನ್ನು ಅಮೆರಿಕದ ಎಡ್ವರ್ಡ್ ವೆಸ್ಟನ್ ಕೈಯಲ್ಲಿ ಒಯ್ಯಬಹುದಾದ ಉಪಕರಣವಾಗಿ ಮಾರ್ಪಡಿಸಿದನು. ಪಾಯಿಂಟುಗಳ ಒಂದೊಂದು ಮಿಡಿತವನ್ನೂ ಮುಳ್ಳು ಅನುಸರಿಸಲಾರದು. ಅವುಗಳ ಸರಾಸರಿಯನ್ನು ಮಾತ್ರ ತೋರಿಸುವುದು. ಪಾಯಿಂಟುಗಳು ಸದಾ ಕೂಡಿದ್ದರೆ ಅದು 45ರ ಮೇಲೆ ನಿಲ್ಲಬೇಕು.

ಪರೀಕ್ಷೆಯನ್ನು ಖಂಡಿತವಾಗಿ ತಿಳಿದಿರುವ ಬಿಂದುಗಳಿಂದ ಆರಂಭಿಸಬೇಕು. ತಂತಿಗಳನ್ನು ಬಿಚ್ಚಿದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುವುದೇ ಎಂಬುದು ಮೊದಲನೆಯದು. ಗಾಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಮುಳ್ಳು ಥಟ್ಟನೆ ಜರುಗಿದರೆ, ತಿರುಗಣಿಯಲ್ಲಿ ಘರ್ಷಣೆಯಾಗಲಿ ಕಾಂತದ ಸಂದಿನಲ್ಲಿ ಕಬ್ಬಿಣದ ಪುಡಿಯಾಗಲಿ ಇರುವುದೆಂದು ಶಂಕಿಸಬಹುದು. ಒಳಗೆ ಸೆಲ್ ಇರುವ ಮಾಪಕಗಳಲ್ಲಿ ಮುಳ್ಳನ್ನು ನಿಗದಿಯಾದ ಗೆರೆಗೆ ತರಲಾಗದಿದ್ದರೆ, ಸೆಲ್ ಸೋರಿ ಕಿಲುಬು ಹಿಡಿದಿದೆಯೇ ಎಂದು ನೋಡತಕ್ಕದ್ದು. ಅನೇಕ ಮಾಪಕಗಳು ಎಂಜಿನಿನ ಸುತ್ತುಗಳನ್ನೂ ತೋರಿಸುತ್ತವೆ. ಇದಕ್ಕೆ ಮನೆಯ ವಿದ್ಯುತ್ತೇ ಒರೆಗಲ್ಲು: ಟ್ರಾನ್ಸ್‌ಫಾರ್ಮರಿನಿಂದ ಸುಮಾರು 12 ವೋಲ್ಟಿಗೆ ಇಳಿಸಿ, ಒಂದು ಡಯೋಡಿನ ಮೂಲಕ ಕೊಟ್ಟರೆ, ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಮಿಡಿತಗಳು ದೊರೆಯುವುವು. ಆಗ 8 ಸಿಲಿಂಡರಿನ ಅಳತೆಯಲ್ಲಿ ಮುಳ್ಳು ನಿಮಿಷಕ್ಕೆ 750 ಸುತ್ತುಗಳನ್ನು ತೋರಿಸಬೇಕು. ಅಮೆರಿಕದಲ್ಲಿ ಮಿಡಿತಗಳು 60 ಆದ್ದರಿಂದ ಅಲ್ಲಿ ಅದು 900 ಆಗುವುದು.

ದೋಷಕ್ಕೂ ಒಂದು ಕ್ರಮವಿದೆ. ಎಲ್ಲೆಡೆಯೂ ಅಷ್ಟೇ ಡಿಗ್ರಿ ತಪ್ಪಿದ್ದರೆ ಸೊನ್ನೆ ಸರಿದಿದೆ. ಎಲ್ಲೆಡೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಿದ್ದರೆ ಕಾಂತ ಕ್ಷೀಣಿಸಿರಬೇಕು, ಇಲ್ಲವೆ ಇಂಗಾಲದ ರೋಧಕದ ಬೆಲೆ ವಯಸ್ಸಿನಿಂದ ಏರಿರಬೇಕು. ಒಂದೇ ಅಳತೆಯಲ್ಲಿ ತಪ್ಪಿದ್ದರೆ ಅದರ ಸ್ವಿಚ್ಚನ್ನೂ ರೋಧಕವನ್ನೂ ನೋಡಬೇಕು. ಗಳಿಗೆಗೊಂದು ಬಗೆಯಾದರೆ ತಂತಿ ಅಥವಾ ಬೆಸುಗೆ ಸಡಿಲವಾಗಿದೆ. ತಂತಿಸುರುಳಿಗೆ ನೇರವಾಗಿ ಓಮ್ ಮೀಟರನ್ನು ಜೋಡಿಸಕೂಡದು. ಅದರ ಪ್ರವಾಹವೇ ಮುಳ್ಳನ್ನು ಬಗ್ಗಿಸೀತು.

ಇತಿಹಾಸಕಾರನು ಎಚ್ಚರದಿಂದಿರಬೇಕಾದುದು ಇದರ ಮುಂದಿನ ಹೆಜ್ಜೆಯಲ್ಲಿ. ಮಾಪಕದೊಡನೆ ಆ ಗ್ಯಾರೇಜಿನ ಹಳೆಯ ರಿಜಿಸ್ಟರೂ ದೊರೆತಿದೆಯೆಂದು ಭಾವಿಸೋಣ. ಮಾಪಕವು ಹತ್ತರಲ್ಲಿ ಒಂದು ಪಾಲು ಕಡಿಮೆ ತೋರಿಸುವುದೆಂದು ತಿಳಿದರೆ, ರಿಜಿಸ್ಟರಿನ 27ನ್ನು 30 ಎಂದು ತಿದ್ದಿ ಓದಲು ಅವಕಾಶವುಂಟು. ದೋಷವು ಎಂದು ಹುಟ್ಟಿತೆಂಬುದನ್ನು ಮಾತ್ರ ಬೇರೆ ಆಧಾರಗಳಿಂದ ನಿಶ್ಚಯಿಸಬೇಕು. ದೋಷವನ್ನು ಬರೆದಿಡದೆ ಮಾಪಕವನ್ನು ಸರಿಪಡಿಸಿದರೆ ಈ ದಾರಿಯು ಶಾಶ್ವತವಾಗಿ ಮುಚ್ಚಿಹೋಗುವುದು. ಹಸ್ತಪ್ರತಿಯ ಪಾಠವನ್ನು ಮೂಲವನ್ನು ಗುರುತಿಸದೆ ತಿದ್ದಿದ ಸಂಪಾದಕನ ಅಪರಾಧಕ್ಕೂ ಇದಕ್ಕೂ ಭೇದವಿಲ್ಲ.

ಅಮೆರಿಕದಲ್ಲಿ 1970ರ ದಶಕದ ಮಧ್ಯದ ಹೊತ್ತಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹೊಸ ಕಾರುಗಳಲ್ಲಿ ಪಾಯಿಂಟುಗಳ ಸ್ಥಾನವನ್ನು ಆಕ್ರಮಿಸಿತು. ಈಗ ಈ ಮಾಪಕಗಳು ಹಳೆಯ ವಾಹನಗಳ ಆಸಕ್ತರಲ್ಲಿಯೂ ಸಂಗ್ರಹಗಳಲ್ಲಿಯೂ ಉಳಿದಿವೆ. ಅವುಗಳನ್ನು ಮುಟ್ಟುವ ಮುನ್ನ ಪ್ರತಿಯೊಂದು ಬಿಂದುವಿನಲ್ಲಿ ಮುಳ್ಳು ನಿಂತ ಸ್ಥಾನವನ್ನು ಬರೆದಿಡುವುದು, ತೆಗೆದ ಬಿಡಿಭಾಗವನ್ನು ಚೀಟಿ ಅಂಟಿಸಿ ಕಾಪಾಡುವುದು, ಇವೆರಡನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕೆಂದು ಬಯಸುತ್ತೇವೆ.