ಬಚ್ಚಲೊಲೆಗೆ ಇಟ್ಟಿಗೆಯ ಕಾವಲು

ಜಠರಾಗ್ನಿಯ ವಿಷಯವಾಗಿ ನಾವು ಈ ಪುಟಗಳಲ್ಲಿ ಹಲವು ಸಲ ಬರೆದಿದ್ದೇವೆ. ಈ ತಿಂಗಳು ಬಚ್ಚಲುಮನೆಯ ಅಗ್ನಿಯನ್ನು ಕುರಿತು ಬರೆಯಬೇಕಾಗಿದೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಯಲ್ಲಾಪುರವನ್ನು ದಾಟಿದ ಮೇಲೆ ಸಿಗುವ ಇಡಗುಂದಿಯ ಸುತ್ತಲಿನ ಮನೆಗಳಿಗೆ ಅಡುಗೆಯ ಅನಿಲ ಬಂದು ವರ್ಷಗಳೇ ಆದವು. ಆದರೂ ಸ್ನಾನದ ಹಂಡೆಯ ಒಲೆ ಆರಿಲ್ಲ. ತೋಟದ ಸೋಗೆ, ಹಾಳೆ, ಒಣಕಟ್ಟಿಗೆ ಕೈಗೆಟಕುವಲ್ಲಿರುವಾಗ ಆಷಾಢದ ಮಳೆಯಲ್ಲಿ ಮನೆಮಂದಿಯ ಸ್ನಾನಕ್ಕೆ ಸಿಲಿಂಡರನ್ನು ಸವೆಸುವವರಾರು? ಈ ಮಿತವ್ಯಯವನ್ನು ನಾವು ಆಕ್ಷೇಪಿಸುವುದಿಲ್ಲ. ನಮ್ಮ ಚಿಂತೆ ಬೇರೆ.

ಚಿಕಿತ್ಸೆಗೆ ಬರುವ ಸುಟ್ಟ ಗಾಯಗಳಲ್ಲಿ ಹಲವು ಈ ಒಲೆಯ ಬಳಿಯಲ್ಲೇ ಆದವು. ಅಂಬೆಗಾಲಿಡುವ ಕೂಸು ಒಲೆಯ ಮೈಗೆ ಅಂಗೈ ಊರುತ್ತದೆ. ಕೊಳ್ಳಿ ನೂಕಲು ಬಾಗಿದ ಸೊಸೆಯ ಸೆರಗಿಗೆ ಕಿಡಿ ತಾಗುತ್ತದೆ. ಕಣ್ಣು ಮಂಜಾದ ಅಜ್ಜ ಒದ್ದೆ ನೆಲದಲ್ಲಿ ಜಾರಿ ಹಂಡೆಯನ್ನೇ ಹಿಡಿಯುತ್ತಾರೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಅಗ್ನಿದಗ್ಧವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬಣ್ಣಗೆಟ್ಟು ಉರಿಯುವುದು ಮೊದಲನೆಯದು, ಬೊಕ್ಕೆ ಏಳುವುದು ಎರಡನೆಯದು. ಮಕ್ಕಳ ಎಳೆಯ ಚರ್ಮದಲ್ಲಿ ಮೊದಲನೆಯದು ಎರಡನೆಯದಾಗಲು ಕ್ಷಣಕಾಲ ಸಾಕು.

ಒಲೆಯ ಮೂರು ಪಕ್ಕಗಳಿಗೆ ನಾಲ್ಕೂವರೆ ಇಂಚಿನ ಇಟ್ಟಿಗೆಗೋಡೆಯೊಂದನ್ನು ಎಬ್ಬಿಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಎತ್ತರ ಎರಡೂವರೆ ಅಡಿಯಿರಲಿ. ಒಲೆಯ ಮೈಗೂ ಇಟ್ಟಿಗೆಗೂ ನಡುವೆ ಎರಡು ಇಂಚು ತೆರವು ಬಿಟ್ಟು ಅದರೊಳಗೆ ಜರಡಿ ಹಿಡಿದ ಒಣಬೂದಿಯನ್ನು ತುಂಬಬೇಕು. ಬೂದಿಯು ಶಾಖವನ್ನು ಹೊರಬಿಡದು. ಗೋಡೆಯ ಹೊರಮೈ ಕೈ ಸುಡದು, ಹಂಡೆಯ ನೀರೂ ಬೇಗ ತಣಿಯದು.

ಸಿಮೆಂಟಿನಿಂದ ಕಟ್ಟಿದರೆ ಗಟ್ಟಿ ಎಂಬುದು ಜನರ ಎಣಿಕೆ. ಬೆಂಕಿಯ ಪಕ್ಕದಲ್ಲಿ ಅದು ಬಿರುಕು ಬಿಟ್ಟು ಉದುರುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ, ಎರಡು ದಿನ ಕೊಳೆಸಿ ತುಳಿದ ಕೆಸರೇ ಉತ್ತಮ. ಹೊಳೆಯ ಕಲ್ಲನ್ನು ಮಾತ್ರ ಬಳಸಬಾರದು. ಒಳಗೆ ಸೇರಿದ ನೀರು ಕಾದು ಕಲ್ಲು ಸಿಡಿಯುವುದುಂಟು.

ಮರದ ಗೋಡೆಯ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಇಟ್ಟಿಗೆಯನ್ನು ಹಲಗೆಗೆ ತಾಗಿಸಿ ಕಟ್ಟಿದರೆ ರಕ್ಷಣೆಯಿಲ್ಲ, ಏಕೆಂದರೆ ಇಟ್ಟಿಗೆಯೂ ನಿಧಾನವಾಗಿ ಕಾಯುತ್ತದೆ. ವರ್ಷಗಟ್ಟಲೆ ಕಾದ ಮರವು ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಇಟ್ಟಿಗೆಗೂ ಹಲಗೆಗೂ ನಡುವೆ ಒಂದಿಂಚಾದರೂ ಅಂತರವಿರಲಿ. ಗಾಳಿಯಾಡಲು ಅದು ಕೆಳಗೂ ಮೇಲೂ ತೆರೆದಿರಲಿ. ಅಟ್ಟದ ಮೇಲೆ ಕಟ್ಟಿಗೆ ಒಣಗಿಸುವ ರೂಢಿಯನ್ನು ಬಿಡಿರೆಂದರೆ ಯಾರೂ ಕೇಳುವುದಿಲ್ಲವೆಂದು ಬಲ್ಲೆವು. ಒಲೆಯ ನೇರ ಮೇಲಿನಿಂದ ಪಕ್ಕಕ್ಕಾದರೂ ಸರಿಸಿರಿ.

ಹೊಗೆಯ ಮಾತನ್ನೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯಲ್ಲಿ ಬೆಂಕಿಯು ಸುತ್ತಲೂ ಮುಚ್ಚಿರುತ್ತದೆ, ಹೊಗೆಯು ಕೊಳವೆಯಿಂದ ಹೊರಹೋಗುತ್ತದೆ. ಉಬ್ಬಸದವರಿರುವ ಮನೆಯಲ್ಲಿ ಬಚ್ಚಲೊಲೆಗೂ ಕೊಳವೆ ಬೇಕೇ ಬೇಕು. ಅದು ಮಾಡಿನ ರೀಪು, ಪಕಾಸಿಗಳಿಗೆ ತಾಗದಂತೆ ನೋಡಿಕೊಂಡು, ಮಸಿಯನ್ನು ಆಗಾಗ ತೆಗೆಯಬೇಕು.

ಇಷ್ಟಾಗಿಯೂ ಸುಟ್ಟರೆ ಮೊದಲು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಹಲ್ಲುಜ್ಜುವ ಪೇಸ್ಟು, ಶಾಯಿ, ಬೂದಿ ಹಚ್ಚಬೇಡಿರಿ, ಬೊಕ್ಕೆಯನ್ನು ಒಡೆಯಬೇಡಿರಿ. ಮುಖ, ಕೈ, ಗುಪ್ತಾಂಗಗಳು ಸುಟ್ಟಿದ್ದರೆ, ಅಥವಾ ಸುಟ್ಟದ್ದು ಮಗುವಾಗಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಾವು ಆಯುರ್ವೇದದವರಾಗಿಯೇ ಇದನ್ನು ಹೇಳುತ್ತೇವೆ.

ಹೊಸ ಗೋಡೆಯನ್ನು ಮಳೆ ಹಿಡಿಯುವ ಮೊದಲೇ ಕಟ್ಟಿ, ಹತ್ತು ಹದಿನೈದು ದಿನ ನೆರಳಿನಲ್ಲಿ ಆರಲು ಬಿಡಿರಿ. ಮೊದಲ ವಾರ ಸೋಗೆಯ ಸಣ್ಣ ಉರಿಯಷ್ಟೇ ಸಾಕು. ಸೀಳು ಕಂಡಲ್ಲಿ ಅದೇ ಮಣ್ಣನ್ನು ಒತ್ತಿ, ಸಗಣಿಯಿಂದ ಸಾರಿಸಿರಿ.